ಔಟರ್ ವೈಲ್ಡ್ಸ್: ಒಗಟು ಬಿಡಿಸಿದ ಮೇಲೂ ಯಾಕಿಷ್ಟು ಕಾಟ?

ತುಂಗಾತೀರ

ಔಟರ್ ವೈಲ್ಡ್ಸ್ ಅನ್ನುವ ವಿಡಿಯೋ ಗೇಮ್ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು. "ಏನೂ ಓದಬೇಡ, ಸುಮ್ನೆ ಆಡು." ಸಲಹೆ ಸರಿಯಾಗಿದೆ. ಆದರೆ ಇದರಿಂದ ಒಂದು ತೊಂದರೆಯೂ ಆಗಿದೆ. ಪೂರ್ತಿ ಆಡಿದವರು ಹೊಗಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಅರ್ಧಕ್ಕೆ ಬಿಟ್ಟವರು ತಮಗೇ ತಲೆ ಸಾಲದು ಅಂದುಕೊಂಡು ಸುಮ್ಮನಾಗುತ್ತಾರೆ. ಆಟದಲ್ಲಿ ಏನು ಸರಿಯಿಲ್ಲ ಅನ್ನುವ ಮಾತೇ ಏಳುವುದಿಲ್ಲ. ಅದನ್ನು ಇಲ್ಲಿ ಮಾತಾಡೋಣ. ಈ ಮೊದಲ ಪೋಸ್ಟ್‌ನಲ್ಲಿ ದೊಡ್ಡ ಗುಟ್ಟು ಏನೂ ಬಿಟ್ಟುಕೊಡುವುದಿಲ್ಲ. ಮುಂದೆ ಬರೆಯುವವರು ಸ್ಪಾಯ್ಲರ್ (ಗುಟ್ಟು ಬಿಟ್ಟುಕೊಡುವ ಮಾತು) ಇದ್ದರೆ ಮೇಲೆಯೇ ಹೇಳಿಬಿಡಿ.

ಗೊತ್ತಿಲ್ಲದವರಿಗೆ ಎರಡು ಮಾತು. 2019ರ ಮೇ ತಿಂಗಳಲ್ಲಿ ಬಂದ ಆಟ. ಮಾಡಿದ್ದು ಲಾಸ್ ಏಂಜಲೀಸ್‌ನ ಮೋಬಿಯಸ್ ಡಿಜಿಟಲ್. ಅಲೆಕ್ಸ್ ಬೀಚಮ್ ಎಂಬುವವರು ಯುನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಓದುವಾಗ ಮಾಡಿದ ಮಾಸ್ಟರ್ಸ್ ಪ್ರಾಜೆಕ್ಟ್ ಬೆಳೆದು ಇದಾಯಿತು. ಪೂರ್ತಿ ಆಟ ಬರುವ ಮೊದಲೇ, 2015ರಲ್ಲಿ, ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ದೊಡ್ಡ ಬಹುಮಾನ ಸಿಕ್ಕಿತ್ತು. 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಆಟ. ಅದೇ 2019ರಲ್ಲಿ ದಿ ಔಟರ್ ವರ್ಲ್ಡ್ಸ್ ಅಂತ ಬೇರೆ ಆಟವೂ ಬಂದಿದೆ. ಅದರಲ್ಲಿ ಬಂದೂಕು ಹಿಡಿದು ಓಡಾಡಬೇಕು. ಕೊಳ್ಳುವಾಗ ಹೆಸರು ಎರಡು ಸಲ ನೋಡಿ.

ಕಥೆ ಇಷ್ಟು. ಟಿಂಬರ್ ಹಾರ್ತ್ ಅನ್ನುವ ಪುಟ್ಟ ಗ್ರಹದಲ್ಲಿ ನೀವು ಹೊಸ ಗಗನಯಾತ್ರಿ. ಮರದ ಹಲಗೆ ಹೊಡೆದು ಕಟ್ಟಿದ ನೌಕೆ. ಎಲ್ಲಿಗೆ ಬೇಕಾದರೂ ಹೋಗಿ, ಕೇಳುವವರಿಲ್ಲ. 22 ನಿಮಿಷ ಆದ ಮೇಲೆ ಸೂರ್ಯ ಸಿಡಿಯುತ್ತದೆ. ಎಲ್ಲ ಮುಗಿಯಿತು ಅನ್ನುವಾಗ ಮತ್ತೆ ಅದೇ ಬೆಂಕಿಯ ಪಕ್ಕ ಎದ್ದು ಕೂರುತ್ತೀರಿ. ಜೊತೆಗೆ ಬರುವುದು ತಿಳಿದುಕೊಂಡದ್ದು ಮಾತ್ರ. ಹೊಸ ಆಯುಧ ಇಲ್ಲ, ಲೆವೆಲ್ ಇಲ್ಲ, ಬೀಗದ ಕೈ ಇಲ್ಲ. ಗೊತ್ತಿದ್ದವರು ಒಂದೇ ಸುತ್ತಿನಲ್ಲಿ ಆಟ ಮುಗಿಸಬಹುದು. ಗೊತ್ತಾಗುವುದಕ್ಕೇ ಅಷ್ಟು ಸುತ್ತು ಬೇಕು.

ಇದು ಅಪರೂಪದ ವಿನ್ಯಾಸ, ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಇದರಲ್ಲಿ ಎರಡು ಬಗೆಯ ಕಷ್ಟ ಇದೆ. ಒಂದು, ತಿಳಿಯುವ ಕಷ್ಟ. ಇನ್ನೊಂದು, ತಿಳಿದ ಮೇಲೆ ಅಲ್ಲಿಗೆ ತಲುಪುವ ಕಷ್ಟ. ಮೊದಲನೆಯದಕ್ಕೆ ಕೈ ಮುಗಿಯಬೇಕು. ಎರಡನೆಯದು ಮೊದಲನೆಯದರ ಖುಷಿಯನ್ನು ತಿಂದುಹಾಕುತ್ತದೆ. ಸರಿಯಾಗಿ ಯೋಚಿಸಿ ಕೈ ತಪ್ಪಿ ಸತ್ತರೂ, ಪೂರ್ತಿ ತಪ್ಪಾಗಿ ಯೋಚಿಸಿ ಸತ್ತರೂ, ಆಟ ಕೊಡುವ ಉತ್ತರ ಒಂದೇ. ಮತ್ತೆ ಬೆಂಕಿಯ ಪಕ್ಕ. ಹಾಗಾದರೆ ನನ್ನ ಊಹೆ ತಪ್ಪೋ, ಕೈ ತಪ್ಪೋ? ಹೇಗೆ ತಿಳಿಯಬೇಕು?

ಬೆಣ್ಣೆದೋಸೆ

ತಕರಾರು ಆಮೇಲೆ ನೋಡೋಣ, ಮೊದಲು ಒಳ್ಳೆಯದನ್ನು ಇನ್ನೂ ಸ್ವಲ್ಪ ಹೇಳಬೇಕಿತ್ತು ನೀವು. (ಬ್ರಿಟಲ್ ಹಾಲೋ ಬಗ್ಗೆ ಸಣ್ಣ ಸ್ಪಾಯ್ಲರ್.)

ಬ್ರಿಟಲ್ ಹಾಲೋ ಅಂತ ಒಂದು ಗ್ರಹ. ಒಳಗೆಲ್ಲ ಪೊಳ್ಳು. ನಟ್ಟನಡುವೆ ಕಪ್ಪು ಕುಳಿ. ಅದರ ಚಂದ್ರ ಪೂರ್ತಿ ಜ್ವಾಲಾಮುಖಿ. ಅದು ಉಗುಳುವ ಬೆಂಕಿ ಉಂಡೆ ಬಿದ್ದು ಬಿದ್ದು ನೆಲದ ಚಿಪ್ಪು ಒಡೆಯುತ್ತದೆ, ತುಂಡು ತುಂಡಾಗಿ ಕುಳಿಯೊಳಗೆ ಬೀಳುತ್ತದೆ. ನಾನು ನಿಂತಿದ್ದ ತುಂಡೂ ಬಿತ್ತು. ಕಥೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಎಲ್ಲೋ ದೂರದಲ್ಲಿ ಒಂದು ಬಿಳಿ ಕುಳಿಯಿಂದ ಆಚೆ ಬಂದೆ. ಸುತ್ತ ಒಡೆದ ನೆಲದ ಚೂರುಗಳು ತೇಲುತ್ತಿದ್ದವು. ಪಕ್ಕದಲ್ಲೇ ಒಂದು ಹಳೆಯ ನಿಲ್ದಾಣ. ಅಂದರೆ ಇಲ್ಲಿಗೆ ಬರುವವರು ಇರುತ್ತಾರೆ ಅಂತ ಯಾರೋ ಮೊದಲೇ ಯೋಚಿಸಿದ್ದಾರೆ!

ಬೇರೆ ಆಟದಲ್ಲಿ ಕುಳಿಗೆ ಬಿದ್ದರೆ ಗೇಮ್ ಓವರ್. ಇಲ್ಲಿ ಬಿದ್ದದ್ದೇ ದಾರಿ. ನಿಮ್ಮ "ಕೈ ತಪ್ಪಿ ಸತ್ತರೆ ಏನೂ ಸಿಗಲ್ಲ" ಅನ್ನುವ ಮಾತಿಗೆ ಇದೇ ಉತ್ತರ ಅಲ್ವಾ?

ಸೋಮಾರಿ ಸಂಜೆ

ಅರ್ಧಕ್ಕೆ ಬಿಟ್ಟವರ ಕಡೆಯಿಂದ ನಾನು ಬಂದಿದ್ದೇನೆ. ನನಗೆ ತಲೆ ಸಾಲದೆ ಬಿಟ್ಟಿದ್ದಲ್ಲ, ತಲೆ ಸುತ್ತಿ ಬಿಟ್ಟಿದ್ದು.

ನೌಕೆ ನಿಲ್ಲುವುದೇ ಇಲ್ಲ. ಒಂದು ಕಡೆ ನೂಕಿದರೆ ಆ ಕಡೆಗೇ ಹೋಗುತ್ತಿರುತ್ತದೆ. ನಿಲ್ಲಿಸಬೇಕಾದರೆ ಎದುರು ದಿಕ್ಕಿಗೆ ಅಷ್ಟೇ ನೂಕಬೇಕು. ಅಷ್ಟರಲ್ಲಿ ಮೇಲೆ ಕೆಳಗೆ ಯಾವುದು ಅಂತಲೇ ತಿಳಿಯುವುದಿಲ್ಲ. ಸರಿ, ನೌಕೆಯನ್ನು ತಾನೇ ನಡೆಸುವ ಆಟೋಪೈಲಟ್ ಇದೆಯಲ್ಲ ಅಂತ ಒತ್ತಿದೆ. ಅದು ನನ್ನನ್ನು ನೇರವಾಗಿ ಸೂರ್ಯನೊಳಗೆ ಕರೆದುಕೊಂಡು ಹೋಯಿತು. ಇದನ್ನು ತಮಾಷೆ ಅಂತ ಎಲ್ಲರೂ ನಗುತ್ತಾರೆ. ದುಡ್ಡು ಕೊಟ್ಟವನಿಗೆ ನಗು ಬರಲಿಲ್ಲ.

ಕುಳಿಗೆ ಬೀಳುವುದು ಚೆಂದ ಇರಬಹುದು ಬೆಣ್ಣೆದೋಸೆಯವರೇ. ಆದರೆ ಹತ್ತು ಸಲ ಬೀಳುವುದರಲ್ಲಿ ಒಂಬತ್ತು ಸಲ ಅದು ಬರೀ ಬೀಳುವುದೇ.

ಮೇಷ್ಟ್ರು

ಭೌತಶಾಸ್ತ್ರ ಪಾಠ ಮಾಡುವವನು ನಾನು, ಅದಕ್ಕೇ ಸ್ವಲ್ಪ ಪಕ್ಷಪಾತ ಇದೆ ಅಂತಲೇ ಓದಿ.

ನೌಕೆ ನಿಲ್ಲದಿರುವುದು ಆಟದ ದೋಷ ಅಲ್ಲ, ನ್ಯೂಟನ್ನನ ಮೊದಲ ನಿಯಮ. ಗಾಳಿಯಿಲ್ಲದ ಕಡೆ ತಡೆಯುವವರು ಯಾರು? ನಮ್ಮ ಬಹುಪಾಲು ಆಟಗಳಲ್ಲಿ ಬಾಹ್ಯಾಕಾಶ ನೌಕೆ ಅಂದರೆ ಗಾಳಿಯಲ್ಲಿ ಹಾರುವ ವಿಮಾನವೇ. ಇಲ್ಲಿ ಹಾಗಿಲ್ಲ. ಗ್ರಹಗಳೂ ಚಿತ್ರದ ಹಾಗೆ ಅಂಟಿಕೊಂಡಿಲ್ಲ, ನಿಜವಾಗಿ ಚಲಿಸುತ್ತಿರುತ್ತವೆ. "ನಿಂತಿದ್ದೇನೆ" ಅಂದರೆ ಯಾವುದಕ್ಕೆ ಹೋಲಿಸಿ ನಿಂತಿದ್ದೀರಿ ಅಂತ ಕೇಳಬೇಕಾಗುತ್ತದೆ. ಅದಕ್ಕೇ ವೇಗ ಹೊಂದಿಸುವ ಬಟನ್ ಕೊಟ್ಟಿದ್ದಾರೆ. ಒಂದು ಗ್ರಹವನ್ನು ಗುರಿ ಹಿಡಿದು ಅದನ್ನು ಒತ್ತಿದರೆ ನಿಮ್ಮ ವೇಗ ಅದರ ವೇಗಕ್ಕೆ ಸಮ ಆಗುತ್ತದೆ. ಆಮೇಲೆ ಇಳಿಯುವುದು ಸುಲಭ. ಸಾಪೇಕ್ಷ ವೇಗ ಅಂತ ಪುಸ್ತಕದಲ್ಲಿ ಒಂದು ಅಧ್ಯಾಯ ಪೂರ್ತಿ ಹೇಳುವುದನ್ನು ಈ ಒಂದು ಬಟನ್ ಕಲಿಸಿಬಿಡುತ್ತದೆ.

ಇನ್ನೊಂದು ಸ್ವಾರಸ್ಯ ಇದೆ. ಆಟದೊಳಗೆ ನೀವು ಸೂರ್ಯಮಂಡಲದಲ್ಲಿ ಓಡಾಡುತ್ತೀರಿ ಅನಿಸುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ನೀವೇ ನಡುವೆ ಇರುತ್ತೀರಿ, ಸೂರ್ಯಮಂಡಲ ನಿಮ್ಮ ಸುತ್ತ ಸರಿಯುತ್ತದೆ. ಯಾಕೆಂದರೆ ಮೂಲಬಿಂದುವಿನಿಂದ ದೂರ ಹೋದಷ್ಟೂ ದಶಮಾಂಶದ ಲೆಕ್ಕ ಒರಟಾಗುತ್ತದೆ, ವಸ್ತುಗಳು ನಡುಗಲು ಶುರು ಮಾಡುತ್ತವೆ. ಭೂಮಿಯೇ ನಡುವೆ ಅಂತಿದ್ದ ಹಳೆಯ ಖಗೋಳಜ್ಞರು ಕೇಳಿದ್ದರೆ ಖುಷಿಪಡುತ್ತಿದ್ದರು.

ಆಟೋಪೈಲಟ್ ವಿಷಯ ಮಾತ್ರ ಸೋಮಾರಿ ಸಂಜೆಯವರು ಹೇಳಿದ್ದೇ ಸರಿ. ದಾರಿಯಲ್ಲಿ ಏನಿದೆ ಅಂತ ಅದು ನೋಡುವುದಿಲ್ಲ. ಒಂದು ಎಚ್ಚರಿಕೆಯ ದೀಪವಾದರೂ ಇಡಬಹುದಿತ್ತು.

ಸೋಮಾರಿ ಸಂಜೆ

ಮೇಷ್ಟ್ರೇ, ನ್ಯೂಟನ್ ಹೇಳಿದ್ದು ನಿಜ ಆದ ಮಾತ್ರಕ್ಕೆ ನನ್ನ ಹೊಟ್ಟೆ ತೊಳೆಸುವುದು ನಿಲ್ಲುವುದಿಲ್ಲ. 😀

ಅಂಚೆಪೆಟ್ಟಿಗೆ

ಯಾರೂ ಹೇಳದ ಒಂದು ಮಾತು. ಈ ಆಟದಲ್ಲಿ ಓದುವುದು ಜಾಸ್ತಿ. ತುಂಬಾ ಜಾಸ್ತಿ.

ನೊಮಾಯ್ ಅನ್ನುವ ಹಳೆಯ ಜನಾಂಗ ಗೋಡೆಗಳ ಮೇಲೆ ಸುರುಳಿ ಸುರುಳಿಯಾಗಿ ಬರೆದಿಟ್ಟು ಹೋಗಿದ್ದಾರೆ. ಅನುವಾದಕ ಯಂತ್ರ ಹಿಡಿದು ಒಂದೊಂದು ಸುರುಳಿ ಓದಬೇಕು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರ ಉತ್ತರ ಕವಲಾಗಿ ಬೆಳೆದಿರುತ್ತದೆ. ಒಗಟು, ಕಥೆ, ಸುಳಿವು ಎಲ್ಲವೂ ಆ ಬರಹದಲ್ಲೇ ಇದೆ. ಬರಹ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕೆಲ್ಸಿ ಬೀಚಮ್ ಬರೆದದ್ದು, ನಿರ್ದೇಶಕ ಅಲೆಕ್ಸ್ ಬೀಚಮ್ ಅವರ ಸಹೋದರಿ. ಜಗಳ ಆಡುವ ವಿಜ್ಞಾನಿಗಳು, ಆಟ ಆಡುವ ಮಕ್ಕಳು, ಒಬ್ಬರನ್ನೊಬ್ಬರು ಇಷ್ಟಪಡುವವರು, ಎಲ್ಲರ ದನಿಯೂ ಬೇರೆ ಬೇರೆ ಕೇಳಿಸುತ್ತದೆ.

ಆದರೆ ಅಧಿಕೃತವಾಗಿ ಕನ್ನಡ ಇಲ್ಲ. ಇಂಗ್ಲಿಷ್ ಓದಲು ನಿಧಾನ ಆಗುವವರಿಗೆ, ಪಕ್ಕದಲ್ಲಿ 22 ನಿಮಿಷದ ಗಡಿಯಾರ ಬೇರೆ ಓಡುತ್ತಿರುವಾಗ, ಇದು ಆಟವೋ ಪರೀಕ್ಷೆಯೋ ಅನಿಸಿಬಿಡುತ್ತದೆ. ನಾನು ಆಡುವಾಗ ಅಕ್ಕನ ಮಗ ಪಕ್ಕದಲ್ಲಿ ಕೂತಿರುತ್ತಿದ್ದ. ಒಂದೊಂದು ಸುರುಳಿಯನ್ನೂ ಅವನಿಗೆ ಕನ್ನಡದಲ್ಲಿ ಹೇಳಬೇಕು, ಅವನು ಮೂರು ಪ್ರಶ್ನೆ ಕೇಳಬೇಕು, ಅಷ್ಟರಲ್ಲಿ ಸೂರ್ಯ ಹೋಗಿರುತ್ತಿತ್ತು.

ಒಂದು ಉಪಾಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಓದುವಾಗ, ಮಾತಾಡುವಾಗ, ನೌಕೆಯ ದಾಖಲೆ ನೋಡುವಾಗ ಸಮಯ ನಿಲ್ಲಿಸುವ ಆಯ್ಕೆ ಇದೆ. ಹೊಸಬರು ಮೊದಲು ಅದನ್ನು ನೋಡಿಕೊಳ್ಳಿ. ಇಂಥದ್ದನ್ನು ಮೂಲೆಯಲ್ಲಿ ಯಾಕೆ ಅಡಗಿಸಿಡುತ್ತಾರೋ.

ಬೆಣ್ಣೆದೋಸೆ

ಸಮಯ ನಿಲ್ಲಿಸುವ ಆಯ್ಕೆ ಇದೆಯಾ?! ಪೂರ್ತಿ ಆಟ ಮುಗಿಸಿದ್ದೇನೆ, ಈಗ ಕೇಳುತ್ತಿದ್ದೇನೆ.

ತುಂಗಾತೀರ

ನೋಡಿ, ಅಲ್ಲಿಗೇ ಬಂದಿರಿ. ಅದೇ ರೀತಿ ಇನ್ನೊಂದು. ಸುತ್ತು ಹಾಳಾಯಿತು ಅಂತ ಗೊತ್ತಾದ ಮೇಲೆ ಸೂರ್ಯ ಸಿಡಿಯುವವರೆಗೂ ಕಾಯಬೇಕಿಲ್ಲ. ಜೈಂಟ್ಸ್ ಡೀಪ್ ಗ್ರಹದಲ್ಲಿ ಗ್ಯಾಬ್ರೋ ಅಂತ ಒಬ್ಬ ಹ್ಯಾಮಕ್‌ನಲ್ಲಿ ಮಲಗಿ ಕೊಳಲು ಊದುತ್ತಿರುತ್ತಾನೆ. ಅವನ ಜೊತೆ ಮಾತಾಡುತ್ತಾ ಹೋದರೆ ಧ್ಯಾನ ಕಲಿಸುತ್ತಾನೆ. ಆಮೇಲೆ ಯಾವಾಗ ಬೇಕಾದರೂ ಧ್ಯಾನಕ್ಕೆ ಕೂತು ಸುತ್ತನ್ನು ಮುಗಿಸಬಹುದು. ಕಥೆಯೊಳಗೆ ಇದನ್ನು ಹೊಂದಿಸಿದ್ದು ಸೊಗಸಾಗಿದೆ. ಆದರೆ ಆ ಗ್ರಹಕ್ಕೆ ಕೊನೆಯಲ್ಲಿ ಹೋದವರ ಗತಿ? ಅಷ್ಟು ದಿನ ಸುಮ್ನೆ ಕಾದು ಕೂತಿರುತ್ತಾರೆ, ಇಲ್ಲವೇ ನೌಕೆಯನ್ನು ಬೇಕಂತಲೇ ಗುದ್ದಿಸಿರುತ್ತಾರೆ.

ಈಗ ನನ್ನ ಮುಖ್ಯ ಉದಾಹರಣೆ. ದೊಡ್ಡ ಸ್ಪಾಯ್ಲರ್ ಇದೆ, ಆಡದವರು ಮುಂದಿನ ಪೋಸ್ಟ್‌ಗೆ ಹೋಗಿ.

ಆ್ಯಶ್ ಟ್ವಿನ್, ಎಂಬರ್ ಟ್ವಿನ್ ಅಂತ ಜೋಡಿ ಗ್ರಹ. ಒಂದರ ಮರಳು ಕಂಬದ ಹಾಗೆ ಇನ್ನೊಂದಕ್ಕೆ ಸುರಿಯುತ್ತಿರುತ್ತದೆ. ಒಂದು ಖಾಲಿಯಾಗುತ್ತಾ ಗೋಪುರಗಳು ಹೊರಗೆ ಬರುತ್ತವೆ, ಇನ್ನೊಂದು ತುಂಬುತ್ತಾ ಗುಹೆಗಳು ಮುಚ್ಚುತ್ತವೆ. 22 ನಿಮಿಷವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದ ಇಂಥ ಕಲ್ಪನೆ ನಾನು ಬೇರೆ ಆಟದಲ್ಲಿ ಕಂಡಿಲ್ಲ.

ಆ್ಯಶ್ ಟ್ವಿನ್ ಒಳಗೆ ಹೋಗುವ ಗೋಪುರದ ಚಾವಣಿ ಒಡೆದಿದೆ. ಮರಳಿನ ಕಂಬ ಸರಿಯಾಗಿ ತಲೆಯ ಮೇಲೆ ಹಾದುಹೋಗುವ ಗಳಿಗೆಯಲ್ಲೇ ಆ ಜಾಗದಲ್ಲಿ ನಿಂತಿರಬೇಕು. ಸ್ವಲ್ಪ ಮೊದಲೇ ಹೋಗಿ ನಿಂತರೆ ಮರಳು ಎತ್ತಿಕೊಂಡು ಆಕಾಶಕ್ಕೆ ಎಸೆಯುತ್ತದೆ. ನಾನು ಸರಿಯಾದ ಗೋಪುರಕ್ಕೇ ಹೋದೆ, ಸರಿಯಾದ ಜಾಗದಲ್ಲೇ ನಿಂತೆ. ಮರಳು ಎತ್ತಿ ಎಸೆಯಿತು. ಯಾರಿಗಾದರೂ ಏನನಿಸುತ್ತದೆ? "ಓಹೋ, ಇದು ದಾರಿಯಲ್ಲ." ಅಲ್ಲಿಂದ ಹೊರಟು ಬೇರೆ ಗ್ರಹಗಳನ್ನೆಲ್ಲ ತಡಕಿ ಬಂದೆ. ದಾರಿ ಅದೇ ಆಗಿತ್ತು!

ಒಗಟಿನ ಆಟದಲ್ಲಿ ಇದು ದೊಡ್ಡ ತಪ್ಪು. ಉತ್ತರ ಸರಿ ಇದ್ದಾಗ "ಬಿಸಿಯಾಗುತ್ತಿದ್ದೀಯ" ಅಂತ ಸಣ್ಣ ಸುಳಿವಾದರೂ ಬೇಕು.

ಕಾಲುದಾರಿ

(ನನ್ನದರಲ್ಲೂ ಸ್ಪಾಯ್ಲರ್ ಇದೆ.)

ನಿಮ್ಮ ಮರಳಿನ ಉದಾಹರಣೆ ಒಪ್ಪುತ್ತೇನೆ. ಇಡೀ ಆಟಕ್ಕೆ ಅದನ್ನು ಹಚ್ಚುವುದನ್ನು ಒಪ್ಪುವುದಿಲ್ಲ. ಬೇರೆ ಕಡೆಗಳಲ್ಲಿ ಸುಳಿವು ಕೊಟ್ಟೇ ಇದ್ದಾರೆ, ಆದರೆ ಬೇರೆ ಗ್ರಹದಲ್ಲಿ ಇಟ್ಟಿದ್ದಾರೆ.

ಜೈಂಟ್ಸ್ ಡೀಪ್ ನೋಡಿ. ಗ್ರಹದ ತುಂಬ ಸಮುದ್ರ, ಸುಂಟರಗಾಳಿ. ದ್ವೀಪಗಳನ್ನೇ ಎತ್ತಿ ಬಾಹ್ಯಾಕಾಶಕ್ಕೆ ಎಸೆಯುವಂಥ ಗಾಳಿ. ನೀರಿನ ಕೆಳಗೆ ಒಂದು ಪ್ರವಾಹ ಇದೆ, ಅದನ್ನು ದಾಟಲು ಆಗುವುದಿಲ್ಲ. ಎಷ್ಟು ಜೋರಾಗಿ ಧುಮುಕಿದರೂ ಮೇಲಕ್ಕೆ ತಳ್ಳುತ್ತದೆ. ಉತ್ತರ ಇರುವುದು ಬ್ರಿಟಲ್ ಹಾಲೋದ ದಕ್ಷಿಣದ ವೀಕ್ಷಣಾಲಯದಲ್ಲಿ. ಅಲ್ಲಿ ಸುಂಟರಗಾಳಿಯ ಮಾದರಿ ಮಾಡಿಟ್ಟಿದ್ದಾರೆ. ಎಲ್ಲವೂ ಒಂದು ಕಡೆ ತಿರುಗಿದರೆ ಒಂದು ಮಾತ್ರ ಉಲ್ಟಾ ತಿರುಗುತ್ತದೆ, ಅದು ಕೆಳಕ್ಕೆ ಎಳೆಯುತ್ತದೆ. ವಾಪಸ್ ಬಂದು ಉಲ್ಟಾ ತಿರುಗುವ ಗಾಳಿ ಹುಡುಕಿ ಒಳಗೆ ನುಗ್ಗಿದರೆ ಆಯಿತು. ಅಲ್ಲಿಂದ ಕೆಳಗೆ ಇನ್ನೊಂದು ತಡೆ, ವಿದ್ಯುತ್ತಿನ ಪದರ. ಅದಕ್ಕೆ ಉತ್ತರ ಡಾರ್ಕ್ ಬ್ರ್ಯಾಂಬಲ್ ಅನ್ನುವ ಇನ್ನೊಂದು ಗ್ರಹದ ಹೆಪ್ಪುಗಟ್ಟಿದ ಜೆಲ್ಲಿಫಿಶ್ ಹತ್ತಿರ. ಜೆಲ್ಲಿಫಿಶ್ ಒಳಗೆ ಸೇರಿಕೊಂಡರೆ ಶಾಕ್ ಹೊಡೆಯುವುದಿಲ್ಲ.

ನನಗೆ ಅತಿ ಇಷ್ಟವಾದದ್ದು ಬ್ರಿಟಲ್ ಹಾಲೋದ ಕ್ವಾಂಟಮ್ ಗೋಪುರ. ಒಳಗೆ ಹತ್ತುವ ದಾರಿ ಒಡೆದುಹೋಗಿದೆ. ಎಷ್ಟು ಹಾರಿದರೂ ಎಟುಕುವುದಿಲ್ಲ. ಹಾರಿ ಹಾರಿ ಸಾಕಾದ ಮೇಲೆ ಹೊಳೆಯುತ್ತದೆ. ಈ ಗೋಪುರವೂ ಒಂದು ಹೊತ್ತಿಗೆ ಕಪ್ಪು ಕುಳಿಗೆ ಬೀಳುತ್ತದಲ್ಲ! ಬಿದ್ದು ಬಿಳಿ ಕುಳಿಯಿಂದ ಹೊರಬಂದ ಮೇಲೆ ಅಲ್ಲಿ ಗುರುತ್ವವೇ ಇಲ್ಲ. ತೇಲಿಕೊಂಡು ಮೇಲೆ ಹೋಗಬಹುದು. ಇಲ್ಲಿ ಕೈಚಳಕ ಏನೂ ಬೇಡ, ತಾಳ್ಮೆ ಇದ್ದರೆ ಸಾಕು. 22 ನಿಮಿಷ ಇಲ್ಲದಿದ್ದರೆ ಈ ಒಗಟೇ ಇಲ್ಲ. ಗಡಿಯಾರ ತೆಗೆಯಿರಿ ಅನ್ನುವವರು ಇದಕ್ಕೆ ಏನು ಹೇಳುತ್ತೀರಿ?

ತುಂಗಾತೀರ

ಗಡಿಯಾರ ತೆಗೆಯಿರಿ ಅಂತ ನಾನು ಹೇಳಲೇ ಇಲ್ಲ. ಗೋಪುರದ ಒಗಟು ಆಟದಲ್ಲೇ ಅತ್ಯುತ್ತಮ, ಯಾಕೆಂದರೆ ಅಲ್ಲಿ ತಿಳಿದವನು ತಲುಪಿಯೇ ತಲುಪುತ್ತಾನೆ. ನಾನು ಕೇಳುತ್ತಿರುವುದೂ ಅದೇ. ಎಲ್ಲ ಒಗಟುಗಳೂ ಹೀಗೇ ಯಾಕಿಲ್ಲ?

ಮೇಷ್ಟ್ರು

ಊಹೆ ತಪ್ಪೋ ಕೈ ತಪ್ಪೋ ಅನ್ನುವ ಪ್ರಶ್ನೆ ಪ್ರಯೋಗಾಲಯದಲ್ಲಿ ದಿನವೂ ಬರುತ್ತದೆ. ಲೋಲಕದ ಪ್ರಯೋಗದಲ್ಲಿ ಹುಡುಗರಿಗೆ ಗುರುತ್ವದ ಬೆಲೆ ತಪ್ಪು ಬಂದರೆ ಸೂತ್ರ ಬದಲಾಯಿಸುವುದಿಲ್ಲ, ದಾರ ಮತ್ತೆ ಅಳೆಯುತ್ತಾರೆ. ಹೊಸ ಸಂಶೋಧನೆಯಲ್ಲಿ ಅಷ್ಟು ಖಚಿತ ಇರುವುದಿಲ್ಲ. ಆ ತಳಮಳವನ್ನು ಆಟಗಾರನಿಗೆ ದಾಟಿಸಿದ್ದಾರೆ ಅಂತ ನಾನು ವಾದಿಸಬಲ್ಲೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಮರಳಿನ ಗೋಪುರದಲ್ಲಿ ಅವರು ಅಷ್ಟೆಲ್ಲ ಯೋಚಿಸಿದಂತೆ ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಒಂದು ಸಲ ಮಾಡಿದ್ದನ್ನು ಕೂಡಲೇ ಮತ್ತೆ ಮಾಡಬಹುದು. ಇಲ್ಲಿ ಮತ್ತೆ ಹಾರಿ, ಇಳಿದು, ಕಾಯಬೇಕು.

ವಿಜ್ಞಾನದ ಕಡೆಯಿಂದ ನನ್ನದೊಂದು ತಕರಾರು ಸೇರಿಸುತ್ತೇನೆ. ಕ್ವಾಂಟಮ್ ಚಂದ್ರನದ್ದು. ನೀವು ನೋಡುತ್ತಿದ್ದರೆ ಅದು ಅಲ್ಲೇ ಇರುತ್ತದೆ, ಕಣ್ಣು ತೆಗೆದರೆ ಬೇರೆ ಕಡೆ ಹೋಗಿರುತ್ತದೆ. ಅದರ ಫೋಟೊ ನೋಡುತ್ತಾ ಕೂತರೂ ಸಾಕು, ಓಡಿಹೋಗುವುದಿಲ್ಲ. ಒಗಟಾಗಿ ಇದು ಅದ್ಭುತ. ಆದರೆ ನಿಜದ ಕ್ವಾಂಟಮ್ ಭೌತಶಾಸ್ತ್ರದಲ್ಲಿ ಗಮನಿಸುವುದು ಅಂದರೆ ಮನುಷ್ಯ ಕಣ್ಣು ಬಿಟ್ಟು ನೋಡುವುದಲ್ಲ. ಒಂದು ಬೆಳಕಿನ ಕಣ ತಾಗಿದರೂ ಅದು ಒಂದು ಬಗೆಯ ಅಳತೆಯೇ. ಚಂದ್ರನಂಥ ದೊಡ್ಡ ವಸ್ತುವಿಗೆ ಬೆಳಕು, ಧೂಳು ಸದಾ ತಾಗುತ್ತಲೇ ಇರುತ್ತವೆ. ಅದಕ್ಕೇ ನಮ್ಮ ಚಂದ್ರ ಯಾರೂ ನೋಡದಿದ್ದರೂ ತನ್ನ ಜಾಗದಲ್ಲೇ ಇರುತ್ತಾನೆ. ಆಟ ಆಡಿ ಬಂದ ಹುಡುಗರು ತರಗತಿಯಲ್ಲಿ ಇದನ್ನೇ ವಿಜ್ಞಾನ ಅಂತ ವಾದ ಮಾಡಿದಾಗ ಸಾಕಾಗುತ್ತದೆ. ವಾದ ಮಾಡುತ್ತಾರಲ್ಲ ಅಂತ ಖುಷಿಯೂ ಆಗುತ್ತದೆ, ಅದು ಬೇರೆ.

ಉಗಿಬಂಡಿ

ಇಷ್ಟೆಲ್ಲ ಯಾಕೆ, ನಡೆದಾಡಿ ಗೋಡೆ ಬರಹ ಓದುವ ಆಟ ಅಷ್ಟೇ ತಾನೇ?

ಬೆಣ್ಣೆದೋಸೆ

ಡಾರ್ಕ್ ಬ್ರ್ಯಾಂಬಲ್ ಒಳಗೆ ಒಂದು ಸಲ ಹೋಗಿ ಬನ್ನಿ ಉಗಿಬಂಡಿಯವರೇ, ಆಮೇಲೆ ಮಾತಾಡೋಣ. ಅಲ್ಲಿ ಮಂಜಿನ ನಡುವೆ ನೌಕೆಗಿಂತ ಎಷ್ಟೋ ದೊಡ್ಡ ಮೀನುಗಳು ತಲೆಗೆ ದೀಪ ಕಟ್ಟಿಕೊಂಡು ಕಾಯುತ್ತಿರುತ್ತವೆ. ಅವು ಕುರುಡು. ಎಂಜಿನ್ ಸದ್ದು ಕೇಳಿ ಬರುತ್ತವೆ. ಎಂಜಿನ್ ಬಿಟ್ಟು, ಮೊದಲು ನೂಕಿದ ವೇಗದಲ್ಲೇ ತೇಲಿಕೊಂಡು ಅವುಗಳ ಪಕ್ಕದಲ್ಲಿ ಹಾದುಹೋಗಬೇಕು. ಮೇಷ್ಟ್ರ ನ್ಯೂಟನ್ ಅಲ್ಲಿ ಜೀವ ಉಳಿಸುತ್ತಾನೆ.

ಸೋಮಾರಿ ಸಂಜೆ

ಆ ಮೀನುಗಳು! ನಾನು ಪೂರ್ತಿ ಬಿಟ್ಟಿದ್ದು ಅಲ್ಲಿಯೇ. ತಲೆಸುತ್ತಿಗೆ ಒಮ್ಮೆ ಬಿಟ್ಟವನು ಹೇಗೋ ತಡೆದುಕೊಂಡು ಮತ್ತೆ ಆಡಿದ್ದೆ.

ತುಂಗಾತೀರ ಅವರ ಮಾತಿಗೆ ನನ್ನ ಓಟು. ಮೀನು ಕುರುಡು ಅಂತ ನನಗೆ ಗೊತ್ತಿತ್ತು, ಸದ್ದು ಮಾಡಬಾರದು ಅಂತಲೂ ಗೊತ್ತಿತ್ತು. ಒಗಟು ಬಿಡಿಸಿ ಆಗಿತ್ತು. ಆದರೂ ಬೆರಳು ಸ್ವಲ್ಪ ಜಾರಿದರೆ ನುಂಗುತ್ತದೆ. ಕೊನೆಯ ಘಟ್ಟದಲ್ಲಿ ಅದನ್ನು ದಾಟಲೇಬೇಕು ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಷ್ಟು ಕಷ್ಟಪಟ್ಟು ಕಥೆ ಜೋಡಿಸಿದವನನ್ನು ಕೊನೆಗೆ ಬೆರಳಿನ ಹಿಡಿತದ ಮೇಲೆ ಪರೀಕ್ಷೆ ಮಾಡುವುದು ಯಾವ ನ್ಯಾಯ?

ಕಾಲುದಾರಿ

ಅದನ್ನು ನ್ಯಾಯ ಅಂತ ನಾನೂ ಹೇಳುವುದಿಲ್ಲ. ಆದರೆ ಕೊನೆಯ ಸುತ್ತಿನಲ್ಲಿ ಹೊಟ್ಟೆಯಲ್ಲಿ ಭಯ ಇಲ್ಲದಿದ್ದರೆ ಅದು ಬರೀ ಚೆಕ್‌ಲಿಸ್ಟ್ ಆಗಿಬಿಡುತ್ತಿತ್ತು. ಎಲ್ಲವೂ ಗೊತ್ತು, ಮಾಡುವುದೊಂದೇ ಬಾಕಿ, ಕೈ ಮಾತ್ರ ನಡುಗುತ್ತಿದೆ. ಆ ನಡುಕ ನನಗೆ ಬೇಕಿತ್ತು. ಇದರಲ್ಲಿ ನಾವು ಒಪ್ಪುವುದಿಲ್ಲ ಅನಿಸುತ್ತದೆ, ಇರಲಿ ಬಿಡಿ.

ಸಂಗೀತದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಆ್ಯಂಡ್ರೂ ಪ್ರಾಲೋ ಅವರದ್ದು. ಒಬ್ಬೊಬ್ಬ ಯಾತ್ರಿಕ ಒಂದೊಂದು ಗ್ರಹದಲ್ಲಿ ಕೂತು ತನ್ನ ವಾದ್ಯ ನುಡಿಸುತ್ತಿರುತ್ತಾನೆ. ಬ್ಯಾಂಜೊ, ಡ್ರಮ್, ಕೊಳಲು, ಹಾರ್ಮೋನಿಕಾ, ಒಬ್ಬರದ್ದು ಬರೀ ಶಿಳ್ಳೆ. ನಿಮ್ಮ ಹತ್ತಿರ ಇರುವ, ದೂರದ ಸದ್ದು ಹಿಡಿಯುವ ಸಿಗ್ನಲ್‌ಸ್ಕೋಪ್ ದೂರದಿಂದ ಆ ಕಡೆ ತಿರುಗಿಸಿದರೆ ಎಲ್ಲವೂ ಸೇರಿ ಒಂದೇ ರಾಗ ಆಗುತ್ತದೆ. ಸೂರ್ಯ ಸಿಡಿಯುವ ಮೊದಲು ಒಂದು ಧುನ್ ಶುರುವಾಗುತ್ತದೆ. ಗಡಿಯಾರ ತೋರಿಸುವ ಬದಲು ಹಾಡು ಹಾಕಿದ್ದಾರೆ. ಅದು ಕೇಳಿದ ಕೂಡಲೇ ಮಾಡುತ್ತಿದ್ದ ಕೆಲಸ ಬಿಟ್ಟು ಆಕಾಶ ನೋಡಲು ಕಲಿತುಬಿಟ್ಟೆ.

ಅಂಚೆಪೆಟ್ಟಿಗೆ

2021ರ ಸೆಪ್ಟೆಂಬರ್‌ನಲ್ಲಿ ಬಂದ, ಇದೇ ಆಟಕ್ಕೆ ಸೇರಿಸಿದ ಹೆಚ್ಚುವರಿ ಭಾಗ ಎಕೋಸ್ ಆಫ್ ದಿ ಐ ಯಾರಾದರೂ ಆಡಿದಿರಾ? ನನ್ನ ಓದುವ ತಕರಾರಿಗೆ ಅದರಲ್ಲಿ ಉತ್ತರ ಇದೆ. ಅಲ್ಲಿನ ಜನ ಒಂದಕ್ಷರವನ್ನೂ ನಮಗೆ ಓದಿಸುವುದಿಲ್ಲ. ಅವರ ಕಥೆ ಪೂರ್ತಿ ಸ್ಲೈಡ್ ರೀಲ್‌ಗಳಲ್ಲಿದೆ, ಬರೀ ಚಿತ್ರ. ಅಕ್ಕನ ಮಗ ನನಗಿಂತ ಮೊದಲು ಅರ್ಥ ಮಾಡಿಕೊಂಡು ನನಗೇ ಹೇಳುತ್ತಿದ್ದ.

ಆದರೆ ಅರ್ಧ ಆದ ಮೇಲೆ ಕತ್ತಲೆಯಲ್ಲಿ ಲಾಟೀನು ಹಿಡಿದು ಅವಿತುಕೊಂಡು ನಡೆಯುವ ಭಾಗ ಬರುತ್ತದೆ. ಅಲ್ಲಿ ಅವನು ಎದ್ದು ಅಡುಗೆಮನೆಗೆ ಹೋದವನು ವಾಪಸ್ ಬರಲಿಲ್ಲ. ಹೆದರಿಕೆ ಕಡಿಮೆ ಮಾಡುವ ಆಯ್ಕೆ ಇದೆ. ಅದನ್ನು ಹಾಕಿದರೂ ಸಿಕ್ಕಿಬಿದ್ದು ಮತ್ತೆ ಮೊದಲಿನಿಂದ ನಡೆಯುವ ಬೇಜಾರು ಹೋಗುವುದಿಲ್ಲ.

ತುಂಗಾತೀರ

ಹೌದು, ಅದೇ ಹಳೆಯ ರೋಗ. ಅಲ್ಲೂ ಒಗಟುಗಳು ಬಿಡಿಸಿದ ಮೇಲೆ ಸರಾಗ. ಬಿಡಿಸುವ ಮೊದಲು ಕತ್ತಲೆಯಲ್ಲಿ ತಡಕಾಡುವಾಗ ಸಿಕ್ಕಿಬಿದ್ದರೆ, ಅವಿತುಕೊಳ್ಳುವುದರಲ್ಲಿ ನಾವು ಸೋತೆವೋ, ಅಥವಾ ಅವಿತುಕೊಳ್ಳುವುದೇ ದಾರಿ ಅಲ್ಲವೋ ಅಂತ ತಿಳಿಯುವುದಿಲ್ಲ. (ಅವಿತುಕೊಳ್ಳದೆ ದಾಟುವ ದಾರಿಗಳಿವೆ, ಇದಕ್ಕಿಂತ ಹೆಚ್ಚು ಹೇಳಲ್ಲ.) ಎರಡು ವರ್ಷ ಕಳೆದರೂ ತಂಡ ಈ ವಿಷಯದಲ್ಲಿ ಬದಲಾಗಲಿಲ್ಲ ಅಂದರೆ, ಬಹುಶಃ ಅವರಿಗೆ ಇದು ತಪ್ಪು ಅಂತಲೇ ಅನಿಸಿಲ್ಲ. ಕಾಲುದಾರಿಯವರ ಪಕ್ಷದವರೇ ಇರಬೇಕು.

ಹೊಸಚಿಗುರು

ನಮಸ್ಕಾರ, ಸ್ಪಾಯ್ಲರ್ ಇರುವ ಪೋಸ್ಟ್‌ಗಳನ್ನು ಹಾರಿಸಿ ಓದಿದೆ. ಇಂಥ ಆಟ ಆಡಿ ಅಭ್ಯಾಸ ಇಲ್ಲ. ಸಾಧಾರಣ ಲ್ಯಾಪ್‌ಟಾಪ್ ಇದೆ. ಕೀಬೋರ್ಡ್‌ನಲ್ಲಿ ಆಗುತ್ತದಾ? ಮೊದಲು ಎಲ್ಲಿಗೆ ಹೋಗಬೇಕು?

ಬೆಣ್ಣೆದೋಸೆ

ಕೀಬೋರ್ಡ್‌ನಲ್ಲಿ ಆಗುತ್ತದೆ, ಆದರೆ ಕಂಟ್ರೋಲರ್ ಇದ್ದರೆ ಹಾರಾಟ ಬಹಳ ಹಗುರ. ಗೆಳೆಯರ ಹತ್ತಿರ ಸಾಲ ತಗೊಳ್ಳಿ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಇದ್ದಾಗ ಕೊಂಡುಕೊಳ್ಳಿ, ಲ್ಯಾಪ್‌ಟಾಪ್ ಎಳೆಯದಿದ್ದರೆ ಅವರ ನಿಯಮದ ಪ್ರಕಾರ ಎರಡು ಗಂಟೆ ಆಡುವ ಮೊದಲು, ಹದಿನಾಲ್ಕು ದಿನದೊಳಗೆ ವಾಪಸ್ ಕೇಳಬಹುದು.

ತುಂಗಾತೀರ

ಊರಿನಲ್ಲಿ ಅವಸರ ಮಾಡಬೇಡಿ. ಉಡಾವಣೆಯ ಕೋಡ್ ಸಿಗುವವರೆಗೆ ಗಡಿಯಾರ ಓಡುವುದಿಲ್ಲ, ಮ್ಯೂಸಿಯಂ ಪೂರ್ತಿ ನೋಡಿ. ಆಮೇಲೆ ಪಕ್ಕದ ಚಂದ್ರನಿಗೆ ಹೋಗಿ ಇಳಿಯುವುದನ್ನು ಅಭ್ಯಾಸ ಮಾಡಿ. ನೌಕೆಯ ದಾಖಲೆಯಲ್ಲಿ ಯಾವ ಜಾಗದಲ್ಲಿ ನೋಡುವುದು ಇನ್ನೂ ಬಾಕಿ ಇದೆ ಅಂತ ಗುರುತು ಇರುತ್ತದೆ, ಸಿಕ್ಕಿಹಾಕಿಕೊಂಡರೆ ಮೊದಲು ಅದನ್ನು ತೆರೆಯಿರಿ. ಒಂದು ಊಹೆ ಗಟ್ಟಿ ಇದೆ ಅನಿಸಿದರೆ ಒಂದು ಸಲ ಸೋತ ಮಾತ್ರಕ್ಕೆ ಬಿಡಬೇಡಿ, ಇನ್ನೊಂದು ಸಲ ಬೇರೆ ಹೊತ್ತಿನಲ್ಲಿ ಪ್ರಯತ್ನಿಸಿ. ಅಂಚೆಪೆಟ್ಟಿಗೆಯವರು ಹೇಳಿದ ಸಮಯದ ಸೆಟ್ಟಿಂಗ್ ಮರೆಯಬೇಡಿ.

ಸೋಮಾರಿ ಸಂಜೆ

ಮತ್ತೆ, ಹೋಗಬೇಕಾದ ಗ್ರಹ ಸೂರ್ಯನ ಆಚೆ ಕಡೆ ಇದ್ದಾಗ ಆಟೋಪೈಲಟ್ ಒತ್ತಬೇಡಿ. ನೀವು ಶುರು ಮಾಡುವುದಾದರೆ ಹೇಳಿ, ನಾನೂ ಹಳೆಯ ಸೇವ್ ತೆರೆದು ಆ ಮೀನುಗಳನ್ನು ಇನ್ನೊಂದು ಸಲ ನೋಡುತ್ತೇನೆ. ಮೇಷ್ಟ್ರೇ, ತಲೆಸುತ್ತಿಗೆ ನ್ಯೂಟನ್ ಬಿಟ್ಟು ಬೇರೆ ಏನಾದರೂ ಔಷಧ ಇದೆಯಾ?

ಮೇಷ್ಟ್ರು

ಪರದೆಯಿಂದ ಸ್ವಲ್ಪ ದೂರ ಕೂರಿ, ಕೋಣೆಯ ದೀಪ ಹಾಕಿಕೊಂಡು ಆಡಿ, ಕ್ಯಾಮೆರಾ ತಿರುಗುವ ವೇಗ ಕಡಿಮೆ ಮಾಡಿ. ಊಟ ಆದ ಕೂಡಲೇ ಮಾತ್ರ ಬೇಡ.